ಕದ್ದು ತಂದ ಗುಳ್ಳೆ ಹವಳ

ನನ್ನ ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ಒಂದು ಕೆಟ್ಟ ಚಾಳಿ ಇದೆ. ಯಾರ ಮನೆಗೆ ಹೋದರೂ ಸರಿ, ಅಲ್ಲೊಂದು ಚೆಂದದ ಗಿಡ ಕಂಡರೆ ಸಾಕು, ಅವೆರಡೂ ನನ್ನನ್ನು ಕೇಳದೆ ಚಿವುಟುವುದಕ್ಕೆ ಸಿದ್ಧವಾಗಿ ನಿಂತುಬಿಡುತ್ತವೆ. ಮೊನ್ನೆ ಹಲ್ಲಿನ ಡಾಕ್ಟರ ಆಫೀಸಿನಲ್ಲಿ ಕಾಯುತ್ತಾ ಕೂತಿದ್ದೆ. ಪಕ್ಕದಲ್ಲೊಂದು ಮನಿ ಪ್ಲಾಂಟು. ಕೈ ಹೋಯಿತು. ಚಿವುಟಿ ನೋಡಿದರೆ ಪ್ಲಾಸ್ಟಿಕ್ಕು! ಕೌಂಟರಿನ ಹಿಂದಿದ್ದ ಹುಡುಗಿ ನೋಡಿ ನಕ್ಕಳು. ನಾನು ಎಲೆಯ ಧೂಳು ಒರೆಸುತ್ತಿರುವವಳ ಹಾಗೆ ಎರಡು ಸಲ ಸವರಿ ಕೈ ವಾಪಸು ತೊಡೆಯ ಮೇಲಿಟ್ಟುಕೊಂಡೆ.

ಇದು ಅಮ್ಮನ ಕಡೆಯಿಂದ ಬಂದದ್ದು. ಮಂಡ್ಯದ ನಮ್ಮ ಬೀದಿಯಲ್ಲಿ ದುಡ್ಡು ಕೊಟ್ಟು ಗಿಡ ತಂದವರು ಅಂತ ಯಾರೂ ಇರಲಿಲ್ಲ. ಆದರೂ ಎಲ್ಲರ ಮನೆ ಮುಂದೆಯೂ ಅದೇ ಕ್ರೋಟನ್ನು, ಅದೇ ಕೆಂಪು ದಾಸವಾಳ, ಅದೇ ಸುತ್ತು ಮಲ್ಲಿಗೆ. ಎಲ್ಲಿಂದ ಬಂತು ಅಂತ ಯಾರೂ ಕೇಳುತ್ತಿರಲಿಲ್ಲ, ಯಾಕೆಂದರೆ ಕೇಳಿದರೆ ತಾವೂ ಹೇಳಬೇಕಲ್ಲ. ಅಮ್ಮನ ಹತ್ತಿರ ಹಸಿರು ಬಿಳಿ ಪ್ಲಾಸ್ಟಿಕ್ ವೈರಿನಲ್ಲಿ ಹೆಣೆದ ಒಂದು ಬುಟ್ಟಿ ಇತ್ತು. ಅರಿಶಿನ ಕುಂಕುಮಕ್ಕೆ ಹೋದವಳು ಹೊರಡುವಾಗ ಗೇಟಿನ ಹತ್ತಿರ ನಿಂತು, "ಅಂದ್ಹಾಗೆ ನಿಮ್ಮ ಮಗಳಿಗೆ ಆ ಮೈಸೂರಿನ ಗಂಡು ಏನಾಯ್ತು?" ಅಂತ ತೆಗೆಯುತ್ತಿದ್ದಳು. ಮಗಳ ಮದುವೆ ಮಾತು ಬಂತು ಅಂದರೆ ಯಾವ ತಾಯಿಗೆ ತಾನೇ ಗಿಡದ ಕಡೆ ಗಮನ ಇರುತ್ತೆ ಹೇಳಿ? ಆ ಕಡೆ ಗಂಡಿನ ಸಂಬಳ, ಅತ್ತೆಯ ಬಾಯಿ ಎಲ್ಲ ಮುಗಿಯುವಷ್ಟರಲ್ಲಿ ಈ ಕಡೆ ಅಮ್ಮನ ಎಡಗೈ 'ಟಕ್' ಅನ್ನಿಸಿ, ರೆಂಬೆಯನ್ನು ಬುಟ್ಟಿಯೊಳಗಿನ ತಾಂಬೂಲದ ಕೆಳಗೆ ಸೇರಿಸಿಯೂ ಆಗಿರುತ್ತಿತ್ತು.

"ಕೇಳಿ ತಂದ ಗಿಡ ಬರಲ್ಲ ಕಣೆ ಪದ್ದು. ಕದ್ದು ತಂದದ್ದೇ ಚೆನ್ನಾಗಿ ಹತ್ತೋದು," ಅನ್ನುತ್ತಿದ್ದಳು. ಅಪ್ಪ ಮಹಾ ಸತ್ಯವಂತ. ಯಾರ ಮನೆಯಲ್ಲಾದರೂ ಗುಲಾಬಿ ಹಿಡಿಸಿದರೆ ಬಾಗಿಲು ತಟ್ಟಿ, ನಮಸ್ಕಾರ ಹೇಳಿ, ಕೇಳಿ, ಕತ್ತರಿಸಿಕೊಂಡು, ಥ್ಯಾಂಕ್ಸ್ ಹೇಳಿ ತರುತ್ತಿದ್ದರು. ಅವರ ಗುಲಾಬಿಗಳೆಲ್ಲ ವಾರದೊಳಗೆ ಒಣಗಿ ಕಡ್ಡಿಯಾಗುತ್ತಿದ್ದವು. ಅಮ್ಮ ಆ ಕಡ್ಡಿಗಳನ್ನು ಕಿತ್ತು ಒಲೆಗೆ ಹಾಕುತ್ತಿದ್ದಳು. ಹಾಕುವಾಗ ಒಂದು ಸಲ ಅಪ್ಪನ ಮುಖ ನೋಡುತ್ತಿದ್ದಳು, ಅಷ್ಟೇ.

ಇಷ್ಟೆಲ್ಲ ಪೀಠಿಕೆ ಯಾಕೆ ಅಂದರೆ, ನಾನು ಕದ್ದದ್ದು ಗಿಡವನ್ನಲ್ಲ. ಹವಳವನ್ನು. ಅದೂ ಜೀವಂತ ಹವಳವನ್ನು. ಕೋರ್ಟಿಗೆ ಹೋದರೆ ನಮ್ಮಮ್ಮನನ್ನು ಮೊದಲ ಆರೋಪಿ ಮಾಡಬೇಕಾಗುತ್ತೆ.

ವಿಶಾಲಕ್ಕ ಇರುವುದು ನಾವಿರುವ ಈ ಪರದೇಶದಲ್ಲೇ, ನಮ್ಮ ಮನೆಯಿಂದ ಗಂಟೆ ದಾರಿಯ ಮಾರ್ಗನ್ ಹಿಲ್‌ನಲ್ಲಿ. ಹಾಸನದವರು. ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿದವರು, ಈಗ ಎಪ್ಪತ್ತರ ಹತ್ತಿರ. ಅವರ ಮನೆಗೆ ನಾನು ಮೊದಲು ಹೋದದ್ದು ಗೊಂಬೆ ಹಬ್ಬಕ್ಕೆ. ಎಲ್ಲರೂ ಗೊಂಬೆ ನೋಡುತ್ತಿದ್ದರೆ ನಾನು ಪಕ್ಕದಲ್ಲಿದ್ದ ಉಪ್ಪುನೀರಿನ ಅಕ್ವೇರಿಯಂ ಮುಂದೆ ನಿಂತುಬಿಟ್ಟೆ. ಒಳಗೆ ಕಲ್ಲಿನ ಮೇಲೆ ಒಂದು ಗೊಂಚಲು ಹಸಿರು ದ್ರಾಕ್ಷಿ. ತೆಳ್ಳಗೆ, ಮುತ್ತಿನ ಬಣ್ಣ, ಮುಟ್ಟಿದರೆ ಒಡೆಯುತ್ತೇನೋ ಅನ್ನುವ ಹಾಗೆ. "ಅಕ್ಕಾ, ದ್ರಾಕ್ಷಿ ಯಾಕೆ ನೀರಲ್ಲಿ ಹಾಕಿದೀರಾ?" ಅಂದೆ. ವಿಶಾಲಕ್ಕ ಬಿದ್ದು ಬಿದ್ದು ನಕ್ಕರು. ಅದು ದ್ರಾಕ್ಷಿ ಅಲ್ಲ, ಬಬಲ್ ಕೋರಲ್. ಅವರು ಕರೆಯುವುದು ಗುಳ್ಳೆ ಹವಳ ಅಂತ. ಬೆಳಕು ಬಿದ್ದಾಗ ಗುಳ್ಳೆಗಳು ಉಬ್ಬುತ್ತವೆ, ಬೆಳಕು ಹೋದರೆ ಕುಗ್ಗಿ ಒಳಗೆ ಸೇರಿ, ದಾರದಂಥ ಕೈಗಳನ್ನು ಹೊರಗೆ ಚಾಚಿ ಊಟ ಹುಡುಕುತ್ತವೆ. ಆ ಕೈಗಳಲ್ಲಿ ವಿಷ. ಪಕ್ಕದ ಹವಳ ಹತ್ತಿರ ಬಂದರೆ ಚುಚ್ಚಿ ಓಡಿಸುತ್ತೆ. "ಹಗಲೆಲ್ಲ ಗೌರಮ್ಮ, ಸಂಜೆಯಾದ್ರೆ ಮಾರಮ್ಮ," ಅಂದರು ವಿಶಾಲಕ್ಕ.

ಅದನ್ನು ತಂದವರು ಅವರ ಯಜಮಾನರು. ಹೆಂಡತಿಯನ್ನು ಒಂದು ಮಾತು ಕೇಳದೆ, ಪ್ಲಾಸ್ಟಿಕ್ ಕವರಿನ ನೀರಿನಲ್ಲಿ ಹಾಕಿ, ಮಗುವಿನ ಹಾಗೆ ತೊಡೆ ಮೇಲಿಟ್ಟುಕೊಂಡು ತಂದಿದ್ದರಂತೆ. ವಿಶಾಲಕ್ಕ ಒಂದು ವಾರ ಅವರ ಹತ್ತಿರ ಮಾತು ಬಿಟ್ಟಿದ್ದರಂತೆ. ಯಜಮಾನರು ತೀರಿಕೊಂಡ ಮೇಲೆ ಅದೇ ವಿಶಾಲಕ್ಕ ಅದರ ಸೇವೆಗೆ ನಿಂತರು. ಉಪ್ಪಿನ ಅಳತೆ, ಸುಣ್ಣದ ಅಳತೆ, ನೀರಿನ ಬಿಸಿ ಎಲ್ಲ ಒಂದು ನೋಟ್‌ಬುಕ್ಕಿನಲ್ಲಿ ದಿನಾ ಬರೆದಿಡುವುದು. ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಹೆಂಗಸು ಫ್ರೀಜರಿನ ಮೂಲೆಯಲ್ಲಿ ಒಂದು ಡಬ್ಬಿ ಸಣ್ಣ ಸೀಗಡಿ ಇಟ್ಟುಕೊಂಡು, ಅದರ ಮೇಲೆ ಕನ್ನಡದಲ್ಲಿ 'ನೈವೇದ್ಯ' ಅಂತ ಚೀಟಿ ಅಂಟಿಸಿದ್ದರು. ಯಜಮಾನರ ಬಗ್ಗೆ ಅವರು ಹೆಚ್ಚು ಮಾತಾಡುತ್ತಿರಲಿಲ್ಲ. ಹವಳದ ಬಗ್ಗೆ ಮಾತ್ರ ಗಂಟೆಗಟ್ಟಲೆ ಮಾತಾಡುತ್ತಿದ್ದರು.

ನನಗೂ ಹುಚ್ಚು ಹಿಡಿಯಿತು. ಮನೆಗೆ ಅಕ್ವೇರಿಯಂ ಬಂತು. ವಿಶಾಲಕ್ಕ ಸಂತೋಷದಿಂದ ಹಿತ್ತಲಲ್ಲಿ ಮೇಜು ಹಾಕಿ, ಸೀರೆಯ ಮೇಲೆ ಏಪ್ರನ್ನು, ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸು ಏರಿಸಿ, ಪುಟ್ಟ ಗರಗಸದ ಮೆಷೀನಿನಿಂದ ಹಲವು ಬಾಯಿಗಳಿರುವ ಆ ಹವಳದ ಸುಣ್ಣದ ಬುಡವನ್ನು ಎರಡು ಬಾಯಿಗಳ ನಡುವೆ ಕೊಯ್ದು, ತುಂಡನ್ನು ಅಯೋಡಿನ್ ನೀರಿನಲ್ಲಿ ಅದ್ದಿ, ಕವರಿಗೆ ಹಾಕಿ, ಎಲೆ ಅಡಿಕೆ ಅರಿಶಿನ ಕುಂಕುಮದ ಜೊತೆ ನನ್ನ ಕೈಗಿಟ್ಟರು. ಗುಳ್ಳೆಯ ಕೆಳಗೆ ಈ ಹವಳಕ್ಕೆ ಬ್ಲೇಡಿನಂಥ ಸುಣ್ಣದ ಅಲಗುಗಳಿರುತ್ತವೆ. ಅದಕ್ಕೇ ಅದನ್ನು ನೀರು ನಿಧಾನವಾಗಿ ಹರಿಯುವ ಕಡೆ, ತಳದಲ್ಲಿ ಇಡಬೇಕು ಅಂತ ಹತ್ತು ಸಲ ಹೇಳಿದ್ದರು. ನಾನು ಬಂದವರಿಗೆಲ್ಲ ಕಾಣಲಿ ಅಂತ ಮೇಲೆ, ಪಂಪಿನ ಬಾಯಿಗೆ ಎದುರಾಗಿ ಇಟ್ಟೆ. ನೀರಿನ ರಭಸಕ್ಕೆ ಅದರ ಮೈ ಅದರದೇ ಅಲಗಿಗೆ ಸಿಕ್ಕಿ ಹರಿದುಹೋಯಿತು.

ಎರಡನೇ ತುಂಡು ಕೊಟ್ಟರು. ಈ ಸಲ ತಳದಲ್ಲೇ ಇಟ್ಟೆ. ಆದರೆ ನಾನು ಮಂಡ್ಯದವಳು ನೋಡಿ, ಮನೆಗೆ ಬಂದವರನ್ನು ಅರೆಹೊಟ್ಟೆಯಲ್ಲಿ ಇಡುವುದು ನಮ್ಮ ಜಾಯಮಾನದಲ್ಲೇ ಇಲ್ಲ. ವಾರಕ್ಕೆರಡು ಸಲ ಅಂದಿದ್ದನ್ನು ದಿನಕ್ಕೆ ಮೂರು ಸಲ ಬಡಿಸಿದೆ. ನೀರು ಕೆಟ್ಟಿತು. ಹವಳ ಬೆಲ್ಲದ ಪಾಕದ ಹಾಗೆ ಕಂದು ಬಣ್ಣಕ್ಕೆ ತಿರುಗಿ ಕರಗಿಹೋಯಿತು.

ಮೂರನೆಯದನ್ನು ಕೇಳಿದಾಗ ವಿಶಾಲಕ್ಕ ನಗಲಿಲ್ಲ. "ಇನ್ನು ಕೊಡಲ್ಲ ಕಣೇ ಪದ್ದು. ಬೇಜಾರು ಮಾಡ್ಕೋಬೇಡ. ಪ್ರತಿ ಸಲ ಕೊಯ್ದಾಗ್ಲೂ ಅದಕ್ಕೂ ನೋವು, ನಂಗೂ ನೋವು. ನಿನ್ನ ಕೈಗೆ ಕೊಡೋದು, ಸಾಯಿಸು ಅಂತ ಕೊಟ್ಟ ಹಾಗೆ," ಅಂದರು. ನ್ಯಾಯವಾದ ಮಾತೇ. ನಾನು ಕಂಪನಿಯಲ್ಲಿ ಮಾಡುವ ಕೆಲಸ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು. ಆದರೂ ನನ್ನ ತಪ್ಪು ಇನ್ನೊಬ್ಬರು ಹೇಳಿದರೆ ಮೈಯೆಲ್ಲ ಉರಿಯುತ್ತೆ. ಉರಿಯುತ್ತಾ ಕೂತಿದ್ದಾಗ ಅವರು, "ಇರು, ಕಾಫಿ ತರ್ತೀನಿ," ಅಂತ ಒಳಗೆ ಹೋದರು. ಆಗ ಕಣ್ಣಿಗೆ ಬಿತ್ತು. ತಾಯಿ ಹವಳದ ಬುಡದಲ್ಲಿ ತಾನಾಗೇ ಹುಟ್ಟಿಕೊಂಡ ಅವರೆಕಾಳಿನ ಗಾತ್ರದ ಒಂದು ಮರಿ. ಒಂದು ಎಳೆಯ ಆಧಾರದ ಮೇಲೆ ಹೊರಗೆ ಬಾಗಿಕೊಂಡಿತ್ತು.

ನನ್ನ ಎರಡು ಬೆರಳೂ ಎದ್ದು ನಿಂತವು. ಎಲ್ಲಿಂದಲೋ ಅಮ್ಮನ ದನಿ ಕೇಳಿಸಿತು. ನನ್ನ ಸ್ಟೀಲ್ ಬಾಟಲಿನ ನೀರನ್ನು ಪಕ್ಕದ ಗಿಡದ ಕುಂಡಕ್ಕೆ ಸುರಿದೆ, ಅಕ್ವೇರಿಯಂ ನೀರು ತುಂಬಿಸಿದೆ, ಮೊಣಕೈವರೆಗೆ ಕೈ ಇಳಿಸಿದೆ. 'ಟಕ್'. ಮರಿ ಬಾಟಲಿನೊಳಗೆ. ಕಾಫಿ ಬರುವಷ್ಟರಲ್ಲಿ ನಾನು ಸೋಫಾದ ಮೇಲೆ ಕೈ ಕಟ್ಟಿಕೊಂಡು ಸಭ್ಯಳಾಗಿ ಕೂತಿದ್ದೆ. ಆದರೆ ತಾಯಿ ಹವಳ ಸುಮ್ಮನೆ ಬಿಟ್ಟೀತೇ? ಕಾಫಿ ಕುಡಿದು ಮುಗಿಸುವ ಹೊತ್ತಿಗೆ ಮಣಿಕಟ್ಟಿನಿಂದ ಮೊಣಕೈವರೆಗೆ ಕೆಂಪು ಕೆಂಪು ಗಂದೆ ಎದ್ದು ತುರಿಕೆ ಶುರುವಾಯಿತು.

"ಏನೇ ಇದು ಕೈಗೆ?"

"ಪಾತ್ರೆ ಸೋಪು ಅಕ್ಕಾ. ಹೊಸದು ತಂದೆ. ನಂಗೆ ಆಗಿ ಬರಲ್ಲ."

ವಿಶಾಲಕ್ಕ ನನ್ನ ಕೈ ನೋಡಿದರು. ಆಮೇಲೆ ನನ್ನ ಮುಖ ನೋಡಿದರು. "ಹೌದಾ? ಹಾಗಾದ್ರೆ ಸೋಪು ಬದಲಾಯಿಸು," ಅಂದರು.

ನಮ್ಮ ಮನೆಯವರು ಹೊರಗೆ ಕಾರಿನಲ್ಲಿ ಫೋನಿನಲ್ಲಿ ಮೀಟಿಂಗು ಮುಗಿಸುತ್ತಿದ್ದರು. ಇಬ್ಬರೂ ಹೊರಟೆವು. ನಾನು ಬಾಟಲನ್ನು ಇಬ್ಬರ ಸೀಟಿನ ನಡುವೆ ಲೋಟ ಇಡುವ ತೂತಿನಲ್ಲಿ ಇಟ್ಟು, ಹೇಗೆ ಹೇಳಲಿ ಅಂತ ಯೋಚಿಸುತ್ತಾ ಕಿಟಕಿಯಿಂದ ಆಚೆ ನೋಡುತ್ತಿದ್ದೆ. ಫ್ರೀವೇಯಲ್ಲಿ ಸುನೋಲ್ ಊರಿನ ಹತ್ತಿರ ಟ್ರಾಫಿಕ್ಕು ನಿಂತಿತು. ಮೀಟಿಂಗಿನಲ್ಲಿ ಮಾತಾಡಿ ಗಂಟಲು ಒಣಗಿದ್ದ ಗಂಡಸು ಬಾಟಲ್ ಎತ್ತಿ ಗಟಗಟ ಎರಡು ಗುಟುಕು ಇಳಿಸಿಬಿಟ್ಟರು.

"ಥೂ ಥೂ ಥೂ! ಏನೇ ಇದು, ಉಪ್ಪು ನೀರು!"

"ಅಯ್ಯೋ ಕುಡೀಬೇಡ್ರೀ, ಅದರಲ್ಲಿ ಹವಳ ಇದೆ!"

"ಏನಿದೆ?"

"ಬಾಯಿ ತೆಗೀರಿ, ಬಾಯಿ ತೆಗೀರಿ!" ಫ್ರೀವೇ ಮಧ್ಯದಲ್ಲಿ ಗಂಡನ ಬಾಯಿಗೆ ಫೋನಿನ ಟಾರ್ಚು ಹಾಕಿ ಹುಡುಕಿದೆ. ಪಕ್ಕದ ಕಾರಿನವರು ಗಾಜು ಇಳಿಸಿ ನೋಡಿದರು. ಪುಣ್ಯಕ್ಕೆ ಮರಿ ಬಾಟಲಿನ ತಳದಲ್ಲೇ ಇತ್ತು. ಅದು ಸಿಕ್ಕಿದ ಮೇಲೆಯೇ ನಾನು ಅವರನ್ನು, "ನಿಮಗೇನೂ ಆಗಿಲ್ಲ ತಾನೆ?" ಅಂತ ಕೇಳಿದ್ದು. ಆ ಕ್ರಮವನ್ನು ಅವರು ಇವತ್ತಿಗೂ ಮರೆತಿಲ್ಲ. ಮನೆಗೆ ಬಂದು ವಿಷಯ ಹೇಳಿದರೆ ಮಗಳು ಅನಘಾ ಪುಸ್ತಕದಿಂದ ತಲೆ ಎತ್ತಿ, "ಅಮ್ಮಾ, ದಟ್ ಈಸ್ ಲಿಟರಲಿ ಥೆಫ್ಟ್," ಅಂದಳು. "ಗಿಡ ಕದ್ದರೆ ತಪ್ಪಿಲ್ಲ ಪುಟ್ಟಾ," ಅಂದೆ. "ಇಟ್ಸ್ ಆ್ಯನ್ ಆ್ಯನಿಮಲ್, ಅಮ್ಮಾ." ಈ ದೇಶದಲ್ಲಿ ಮಕ್ಕಳಿಗೆ ಬಯಾಲಜಿ ಸ್ವಲ್ಪ ಜಾಸ್ತಿಯೇ ಹೇಳಿಕೊಡುತ್ತಾರೆ.

ಈಗ ಹೇಳಿದರೆ ನಂಬುತ್ತೀರೋ ಇಲ್ಲವೋ, ಆ ಮರಿ ಹತ್ತಿಕೊಂಡಿತು. ಹತ್ತಿಕೊಂಡಿದ್ದೇನು, ಅವರೆಕಾಳು ನೆಲ್ಲಿಕಾಯಾಯಿತು, ನೆಲ್ಲಿಕಾಯಿ ಮೂಸಂಬಿಯಾಯಿತು. ಅಮ್ಮನ ಮಾತಿನ ಗುಟ್ಟು ನನಗೆ ಆಗ ತಿಳಿಯಿತು. ಕೊಟ್ಟದ್ದು ಸತ್ತರೆ, "ಪಾಪ, ಏನೋ ಆಯ್ತು" ಅಂತ ಇನ್ನೊಂದು ಕೇಳಬಹುದು. ಕದ್ದದ್ದು ಸತ್ತರೆ ಯಾರ ಹತ್ತಿರ ಹೋಗಿ ಅಳುವುದು? ಆ ಭಯಕ್ಕೆ ನಾನು ದಿನಾ ಬೆಳಿಗ್ಗೆ ಹಲ್ಲುಜ್ಜುವುದಕ್ಕೆ ಮುಂಚೆ ಉಪ್ಪು ಅಳೆದೆ. ನಲ್ಲಿ ನೀರು ಬಿಟ್ಟು ಫಿಲ್ಟರ್ ನೀರು ಹಾಕಿದೆ. ವಾರಕ್ಕೆ ಎರಡೇ ಸಲ, ಇಕ್ಕಳದಲ್ಲಿ ಒಂದೊಂದೇ ಸೀಗಡಿ ಇಟ್ಟೆ. ವಿಶಾಲಕ್ಕನ ಹಾಗೇ ಒಂದು ನೋಟ್‌ಬುಕ್ಕೂ ಇಟ್ಟೆ. ಅವರು ಎರಡು ವರ್ಷ ಬಾಯಲ್ಲಿ ಹೇಳಿ ಕಲಿಸಲಾಗದ್ದನ್ನು ಒಂದು ಕಳ್ಳತನ ಕಲಿಸಿತು.

ಕಷ್ಟ ಇದ್ದದ್ದು ವಿಶಾಲಕ್ಕ ಮನೆಗೆ ಬಂದಾಗ. ವರಮಹಾಲಕ್ಷ್ಮಿ ಹಬ್ಬಕ್ಕೆ ಕರೆಯದೆ ಇರುವ ಹಾಗಿಲ್ಲ. ಅವರು ಬರುವುದಕ್ಕೆ ಎರಡು ಗಂಟೆ ಮುಂಚೆ ಅಕ್ವೇರಿಯಂ ಲೈಟು ಆರಿಸಿ, ಹವಳವನ್ನು ಕಲ್ಲಿನ ಹಿಂದೆ ಸರಿಸಿಟ್ಟೆ. ಕತ್ತಲಲ್ಲಿ ಗುಳ್ಳೆಗಳೆಲ್ಲ ಕುಗ್ಗಿ ಯಾವುದೋ ಕಲ್ಲಿನ ಚೂರಿನ ಹಾಗೆ ಕಾಣುತ್ತಿತ್ತು. "ಯಾಕೆ ಕತ್ತಲೆ?" ಅಂದರು. "ಲೈಟು ಕೆಟ್ಟಿದೆ ಅಕ್ಕಾ." ಮುಂದಿನ ವಾರವೇ ತಮ್ಮ ಮನೆಯಲ್ಲಿ ಹೆಚ್ಚಿಗೆ ಇದ್ದ ಒಳ್ಳೆಯ ಲೈಟೊಂದನ್ನು ತಂದು, "ಇಟ್ಕೊ, ಪಾಪ ಮೀನುಗಳು ಕತ್ತಲಲ್ಲಿರ್ತವೆ," ಅಂತ ಕೊಟ್ಟು ಹೋದರು. ನಾಚಿಕೆಯಿಲ್ಲದೆ ಆ ಲೈಟನ್ನೇ ಹಾಕಿದೆ. ಅವರಿಂದ ಕದ್ದ ಹವಳ ಅವರೇ ಕೊಟ್ಟ ಬೆಳಕಿನಲ್ಲಿ ಇನ್ನಷ್ಟು ದುಂಡಗಾಯಿತು. ಆಮೇಲಿನ ಹಬ್ಬಗಳಿಗೆ ನಾನು ಬೇರೆ ಬೇರೆ ಸುಳ್ಳು ಹೇಳಬೇಕಾಯಿತು. ನೀರು ಬದಲಾಯಿಸಿದೀನಿ, ಕತ್ತಲೆ ಬೇಕು ಅಂತ ಒಂದು ಸಲ. ಮೀನಿಗೆ ಹುಷಾರಿಲ್ಲ, ರೆಸ್ಟು ಅಂತ ಇನ್ನೊಂದು ಸಲ. ಮೂರು ವರ್ಷ ಹೀಗೇ ನಡೆಯಿತು. ವಿಶಾಲಕ್ಕ ಎಲ್ಲದಕ್ಕೂ "ಹೌದಾ?" ಅನ್ನುತ್ತಿದ್ದರು, ಒಬ್ಬಟ್ಟು ತಿನ್ನುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಅವರ ಫೋನು ಬಂತು. ಅವರು ಫೋನಿನಲ್ಲಿ ಅಳುವವರಲ್ಲ. ಅತ್ತರು. ಬರ್ಕ್ಲಿಯಲ್ಲಿ ಮಗಳ ಮನೆಯಲ್ಲಿ ಎರಡು ದಿನ ಇದ್ದು ಬಂದಿದ್ದಾರೆ. ಅಷ್ಟರಲ್ಲಿ ಅಕ್ವೇರಿಯಂ ಹೀಟರು ಕೆಟ್ಟು, ಆರದೆ ಉರಿದೇ ಉರಿದಿದೆ. ನೀರು ಕಾದುಹೋಗಿದೆ. ಮೀನು, ಹವಳ ಏನೂ ಉಳಿದಿಲ್ಲ, ಒಂದು ಏಡಿ ಬಿಟ್ಟು.

"ಅವರು ತಂದಿದ್ದದ್ದು ಹೋಗ್ಬಿಡ್ತು ಕಣೇ ಪದ್ದು," ಅಂದರು. ಇಷ್ಟು ವರ್ಷದಲ್ಲಿ ಅವರು ಅದನ್ನು ಹಾಗೆ ಕರೆದದ್ದು ಅದೇ ಮೊದಲು. "ನಾನು ಒಂದು ವಾರ ಮಾತು ಬಿಟ್ಟಿದ್ದೆ, ಗೊತ್ತಾ, ಇದನ್ನ ತಂದಿದ್ದಕ್ಕೆ. ಎಂಥ ಪೆದ್ದಿ ನಾನು."

ಒಂದು ತಿಂಗಳು ಕಳೆದರೂ ಅವರು ಹೊಸ ಹವಳ ತರಲಿಲ್ಲ. ಅಂಗಡಿಯದು ಬೇಡವಂತೆ. ನೀರು ಬದಲಾಯಿಸಿ, ಹೀಟರು ಹೊಸದು ಹಾಕಿ, ಬರೀ ನೀರು, ಬರೀ ಕಲ್ಲು ಇಟ್ಟುಕೊಂಡು ಪಂಪು ಓಡಿಸುತ್ತಿದ್ದರು. "ಪಂಪಿನ ಸದ್ದಿಲ್ದಿದ್ರೆ ಮನೇಲಿ ಇರೋಕಾಗಲ್ಲ ಕಣೇ. ಏಡಿ ಇರೋವರೆಗೆ ಇರಲಿ. ಆಮೇಲೆ ಯಾರಿಗಾದ್ರೂ ಕೊಟ್ಟುಬಿಡ್ತೀನಿ," ಅಂದರು. ಇತ್ತ ನಮ್ಮ ಮನೆಯಲ್ಲಿ ಆ ಹವಳ ತನ್ನ ಬುಡದಲ್ಲಿ ಎರಡು ಮರಿ ಹಾಕಿಕೊಂಡು ಹೊಳೆಯುತ್ತಿತ್ತು. ಅವರ ಯಜಮಾನರು ತಂದದ್ದರಲ್ಲಿ ಪ್ರಪಂಚದಲ್ಲಿ ಉಳಿದದ್ದು ಇದೊಂದೇ. ಅದನ್ನು ಅವರಿಗೆ ಕೊಡಬೇಕಾದರೆ ನಾನು ಕಳ್ಳಿ ಅಂತ ಹೇಳಬೇಕು. ಮೂರು ವರ್ಷ ಸುಳ್ಳು ಹೇಳಿದೆ ಅಂತಲೂ ಹೇಳಬೇಕು. ಹೇಳಿದ ಮೇಲೆ ವಿಶಾಲಕ್ಕ ನನ್ನ ಮನೆ ಹೊಸ್ತಿಲು ತುಳಿಯದಿದ್ದರೆ? ನನಗೆ ಈ ದೇಶದಲ್ಲಿ "ಕಣೇ" ಅನ್ನುವವರು ಅವರೊಬ್ಬರೇ. ಎರಡು ಸಲ ಫೋನ್ ಮಾಡಿ ಉಪ್ಪಿನಕಾಯಿ ವಿಚಾರ ಮಾತಾಡಿ ಇಟ್ಟೆ. "ಹೇಳಿಬಿಡೇ," ಅಂದರು ನಮ್ಮ ಮನೆಯವರು. "ಉಪ್ಪು ನೀರು ಕುಡಿದವನು ನಾನು. ಕುಡಿದ ಮೇಲೂ ಬದುಕಿದೀನಿ."

ಒಂದು ಶನಿವಾರ ಊಟಕ್ಕೆ ಕರೆದೆ. ಮುದ್ದೆ, ಉಪ್ಸಾರು, ಅವರಿಗೆ ಪ್ರಾಣ. ಈ ಸಲ ಲೈಟು ಆರಿಸಲಿಲ್ಲ. ಹವಳವನ್ನು ಕಲ್ಲಿನ ಮುಂದೆ ತಂದಿಟ್ಟೆ. ವಿಶಾಲಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದವರು ನಿಂತಲ್ಲೇ ನಿಂತರು. ಆಮೇಲೆ ಹತ್ತಿರ ಹೋಗಿ, ಕುರ್ಚಿ ಎಳೆದುಕೊಂಡು, ಗಾಜಿಗೆ ಹಣೆ ತಾಗಿಸಿ ಕೂತರು.

"ಅಕ್ಕಾ, ಅದು..." ಅಂದೆ. "ನಿಮ್ಮನೇದೇ. ನಾನು ಕದ್ದೆ. ಆವತ್ತು ನೀವು ಕಾಫಿ ತರೋಕೆ ಹೋಗಿದ್ರಲ್ಲ, ಆಗ."

"ಕಳ್ಳಿ," ಅಂದರು, ತಿರುಗದೆ. ಅದರಲ್ಲಿ ನಗು ಇರಲಿಲ್ಲ. "ಮೂರು ವರ್ಷ ನಾನು ಬಂದಾಗ್ಲೆಲ್ಲ ಲೈಟು ಆರಿಸಿದ್ಯಲ್ಲೇ. ನಾನು ಕೊಟ್ಟ ಲೈಟು!"

"ತಪ್ಪಾಯ್ತು ಅಕ್ಕಾ."

"ತಪ್ಪೇ. ದೊಡ್ಡ ತಪ್ಪು." ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. "ನಾನು ಅರಿಶಿನ ಕುಂಕುಮ ಕೊಟ್ಟು ಕಳಿಸಿದ್ದನ್ನೆಲ್ಲ ನೀನು ಸಾಯಿಸಿದ್ಯ. ಇದನ್ನ ನೋಡು, ಮದುವಣಗಿತ್ತಿ ಹಾಗೆ ಸಾಕಿದೀಯ."

"ತಗೊಂಡು ಹೋಗಿ ಅಕ್ಕಾ. ಪೂರ್ತಿ ತಗೊಳ್ಳಿ. ಕವರು ತರ್ತೀನಿ, ತಾಂಬೂಲ..."

"ಬೇಡ."

"ಅಕ್ಕಾ, ನಿಮ್ಮದೇ ಅದು..."

"ಬೇಡ ಅಂದ್ನಲ್ಲ. ನೀನು ಕೊಟ್ಟು, ನಾನು ಈಸ್ಕೊಂಡು ಹೋಗಿ, ಅದು ಸತ್ತರೆ? ಇನ್ನೊಂದ್ಸಲ ನೋಡೋ ಶಕ್ತಿ ನಂಗಿಲ್ಲ ಕಣೇ." ಕುರ್ಚಿಯಲ್ಲಿ ನೆಟ್ಟಗೆ ಕೂತು ಟೀಚರ್ ದನಿಯಲ್ಲಿ, "ನೀನು ಒಳಗೆ ಹೋಗಿ ಕಾಫಿ ಮಾಡು," ಅಂದರು.

"ಊಟಕ್ಕೆ ಮುಂಚೆ ಕಾಫಿನಾ? ಮುದ್ದೆ ಆರುತ್ತೆ ಅಕ್ಕಾ..."

"ಪದ್ಮಾ. ಒಳಗೆ ಹೋಗಿ ಕಾಫಿ ಮಾಡು. ನಿಧಾನಕ್ಕೆ ಮಾಡು."

ನನಗೆ ಹೊಳೆಯುವುದಕ್ಕೆ ಒಂದು ನಿಮಿಷ ಹಿಡಿಯಿತು. ಎದ್ದು ಅಡುಗೆಮನೆಗೆ ಹೋದೆ. ನಮ್ಮ ಮನೆಯವರು ಸೋಫಾದಲ್ಲಿ ಫೋನನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡರು. ನಾನು ಹಾಲು ಕಾಯಿಸಿದೆ. ಉಕ್ಕಿಸಿದೆ. ಮತ್ತೆ ಕಾಯಿಸಿದೆ. ಫಿಲ್ಟರಿನಲ್ಲಿ ಡಿಕಾಕ್ಷನ್ ಇದ್ದರೂ ಹೊಸದಾಗಿ ಹಾಕಿ, ಒಂದೊಂದೇ ತೊಟ್ಟು ಇಳಿಯುವುದನ್ನು ನೋಡುತ್ತಾ ನಿಂತೆ. ಆಚೆಯಿಂದ ನೀರು ಕದಡಿದ ಸದ್ದು ಬಂತು. ಬೇಕಂತಲೇ ಚಮಚ ಕೆಳಗೆ ಬೀಳಿಸಿ ಸದ್ದು ಮಾಡಿದೆ.

ಕಾಫಿ ತಂದಾಗ ವಿಶಾಲಕ್ಕ ಸೋಫಾದ ಮೇಲೆ ಕೈ ಕಟ್ಟಿಕೊಂಡು ಸಭ್ಯರಾಗಿ ಕೂತಿದ್ದರು. ಬ್ಯಾಗು ತೊಡೆಯ ಮೇಲಿತ್ತು. ಬಲಗೈ ರವಿಕೆಯ ತೋಳು ಒದ್ದೆ. ನಾವು ಹವಳದ ಮಾತು ಎತ್ತಲಿಲ್ಲ. ಮುದ್ದೆ ಉಂಡೆವು. ಅವರು ಎರಡು ಸಲ ಹಾಕಿಸಿಕೊಂಡರು. ಗೇಟಿನ ಹತ್ತಿರ ನಿಂತು, "ಅನಘಾಗೆ ಗಂಡು ನೋಡೋದು ಯಾವಾಗ?" ಅಂತ ಕೂಡ ಕೇಳಿದರು. ಅವಳಿಗಿನ್ನೂ ಹದಿನೇಳು.

ಅವರ ಕಾರು ತಿರುಗಿದ ಮೇಲೆ ಓಡಿ ಬಂದು ನೋಡಿದೆ. ದೊಡ್ಡ ಹವಳ ಇದ್ದ ಹಾಗೇ ಇತ್ತು. ಬುಡದಲ್ಲಿ ಎರಡರ ಬದಲು ಒಂದೇ ಮರಿ. ಅಕ್ವೇರಿಯಂ ಪಕ್ಕದಲ್ಲಿದ್ದ ನನ್ನ ಸ್ಟೀಲ್ ಬಾಟಲೂ ಇರಲಿಲ್ಲ.

ಮಾರನೇ ದಿನ ಬೆಳಿಗ್ಗೆ ಫೋನು.

"ಲೇ ಪದ್ದು, ಪಾತ್ರೆ ಸೋಪು ಹೊಸದು ತಂದೆ ಕಣೇ. ಕೈಯೆಲ್ಲ ಗಂದೆ ಎದ್ದು ತುರಿಸ್ತಾ ಇದೆ. ನೀನು ಆವತ್ತು ಏನು ಹಚ್ಚಿದ್ದೆ?"

"ಕೊಬ್ಬರಿ ಎಣ್ಣೆ ಅಕ್ಕಾ," ಅಂದೆ.